ಕಲಬುರಗಿಯ ಬಿಸಿಲು, ಗಡಸು ನೀರು ಮತ್ತು ಹಾಪ್ಸ್: ಮನೆಯಲ್ಲಿ ಡ್ರೈ ಹಾಪಿಂಗ್

ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವ ಹಾಗಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದನ್ನು ಒಪ್ಪುವುದಿಲ್ಲ. ಮಾರೋದಕ್ಕಲ್ಲ, ನಾವೇ ಕುಡಿಯೋದಕ್ಕೆ ಅಂದರೂ ಅಷ್ಟೇ. ಅದಕ್ಕೆ ಇಲ್ಲಿ ಬಿಯರ್ ಬದಲು ಹಾಪ್ಸ್ (ಬಿಯರ್‌ಗೆ ಕಹಿ, ವಾಸನೆ ಕೊಡುವ ಹೂವು) ನೀರು ಮಾಡೋಣ. ಇದರಲ್ಲಿ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಇಲ್ಲ, ಯೀಸ್ಟ್ ಇಲ್ಲ, ಅಮಲೂ ಇಲ್ಲ. ಆದರೆ ಒಳ್ಳೆಯ ಬಿಯರ್ ಬಾಟಲಿ ತೆರೆದಾಗ ಮೂಗಿಗೆ ಬಡಿಯುವ ಆ ಹಣ್ಣು, ಹೂವಿನ ವಾಸನೆ ಪೂರ್ತಿ ಇರುತ್ತದೆ. ಆ ವಾಸನೆ ತರುವ ಕೆಲಸಕ್ಕೇ ಡ್ರೈ ಹಾಪಿಂಗ್ ಅನ್ನುತ್ತಾರೆ. ಕಾನೂನು ಬಿಡುವ ದೇಶಗಳಲ್ಲಿ ಇರುವವರು ಬಿಯರ್‌ಗೆ ಇದನ್ನೇ ಹೇಗೆ ಮಾಡಬೇಕು ಅನ್ನುವುದನ್ನೂ ಕೊನೆಯ ಕಡೆ ಬರೆದಿದ್ದೇನೆ.

ಹೊರಗಿನವರು ಬರೆದ ವಿಧಾನವನ್ನು ಹಾಗೇ ತಂದು ಕಲಬುರಗಿಯಲ್ಲಿ ಮಾಡಿದರೆ ಕೈ ಕೊಡುತ್ತದೆ. ಅವರು ಯಾವ ಜಾತಿಯ ಹಾಪ್ಸ್, ಎಷ್ಟು ಗ್ರಾಂ ಅನ್ನುವುದರ ಬಗ್ಗೆಯೇ ಪುಟಗಟ್ಟಲೆ ಬರೆಯುತ್ತಾರೆ. ನಮಗೆ ಅದು ಆಮೇಲಿನ ಮಾತು. ಇಲ್ಲಿ ಮೊದಲು ನೀರು ನೋಡಬೇಕು, ಆಮೇಲೆ ತಂಪು. ಇವೆರಡು ಸರಿಯಾದರೆ ಯಾವ ಹಾಪ್ಸ್ ಹಾಕಿದರೂ ಕುಡಿಯುವ ಹಾಗಿರುತ್ತದೆ.

ಹಾಪ್ಸ್ ಮಾಡುವ ಕೆಲಸ

ಹಾಪ್ಸ್ ಅಂದರೆ ಒಂದು ಬಳ್ಳಿಯ ಹೆಣ್ಣು ಹೂವು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಗಾಂಜಾ ಗಿಡದ ದಾಯಾದಿ, ಆದರೆ ಅದರ ಅಮಲು ಇದಕ್ಕಿಲ್ಲ. ತಂಪು ಹವೆ ಬೇಕು, ಬೇಸಿಗೆಯಲ್ಲಿ ಹಗಲು ಉದ್ದವಾಗಿರಬೇಕು. ಭಾರತದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ. ನಮ್ಮ ಮಾಳಿಗೆ ಮೇಲೆ ಕುಂಡದಲ್ಲಿ ಬೆಳೆಯುವ ಆಸೆ ಬೇಡ.

ಹೂವಿನ ಪಕಳೆಗಳ ಬುಡದಲ್ಲಿ ಹಳದಿ ಪುಡಿ ಇರುತ್ತದೆ. ಅದರ ಹೆಸರು ಲುಪುಲಿನ್. ಬೇಕಾದದ್ದೆಲ್ಲ ಅದರಲ್ಲೇ ಇದೆ. ಒಂದು, ಕಹಿ ಕೊಡುವ ಆಲ್ಫಾ ಆಮ್ಲಗಳು. ಇನ್ನೊಂದು, ವಾಸನೆಯ ಎಣ್ಣೆಗಳು: ಮಿರ್ಸೀನ್, ಹ್ಯೂಮುಲೀನ್, ಲಿನಾಲೂಲ್, ಜೆರಾನಿಯಾಲ್ ಹೀಗೆ. ಆಲ್ಫಾ ಆಮ್ಲ ಕುದಿಸಿದರೆ ಮಾತ್ರ ರೂಪ ಬದಲಿಸಿ ನೀರಿಗೆ ಚೆನ್ನಾಗಿ ಇಳಿಯುತ್ತದೆ, ಕಹಿ ಬರುತ್ತದೆ. ಆದರೆ ಅಷ್ಟು ಹೊತ್ತು ಕುದಿಸಿದರೆ ಎಣ್ಣೆ ಹಬೆಯ ಜೊತೆ ಹಾರಿಹೋಗುತ್ತದೆ. ಸಾರು ಇಳಿಸಿದ ಮೇಲೆ ಕೊತ್ತಂಬರಿ ಹಾಕುತ್ತೇವಲ್ಲ, ಅದೇ ಲೆಕ್ಕ ಇಲ್ಲೂ. ಕಹಿಗೆ ಬೇಕಾದ ಹಾಪ್ಸ್ ಒಲೆಯ ಮೇಲೆ, ವಾಸನೆಗೆ ಬೇಕಾದದ್ದು ಎಲ್ಲ ತಣ್ಣಗಾದ ಮೇಲೆ.

ಇಂಗ್ಲೆಂಡಿನಿಂದ ಹಡಗಿನಲ್ಲಿ ಭಾರತಕ್ಕೆ ಬರುತ್ತಿದ್ದ ಪೇಲ್ ಏಲ್ ಅನ್ನುವ ಬಿಯರ್‌ನ ಪೀಪಾಯಿಗಳಿಗೂ ಹೊರಡುವ ಮುಂಚೆ ಹೀಗೇ ಹಾಪ್ಸ್ ಹಾಕುತ್ತಿದ್ದರು. ಹಾಪ್ಸ್ ಇದ್ದರೆ ಬಿಯರ್ ಬೇಗ ಹುಳಿಯಾಗುವುದಿಲ್ಲ. ನಮ್ಮ ಕಡೆ ಬೆಳಿಗ್ಗೆ ಇಳಿಸಿದ ಸೇಂದಿ ಮಧ್ಯಾಹ್ನದ ಬಿಸಿಲಿಗೆ ಹುಳಿಯಾಗುವುದನ್ನು ಹಿರಿಯರು ಕಂಡಿದ್ದಾರೆ. ಆ ಹುಳಿ ತರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳ ಬಹುಪಾಲನ್ನು ಹಾಪ್ಸ್ ತಡೆಯುತ್ತದೆ. ಆದರೆ ಎಲ್ಲ ಕ್ರಿಮಿಗಳನ್ನೂ ಅಲ್ಲ. ಹೊಲಸು ನೀರಿನಿಂದ ಬರುವ, ಹೊಟ್ಟೆ ಕೆಡಿಸುವ ಕ್ರಿಮಿಗಳ ಮೇಲೆ ಇದರ ಆಟ ನಡೆಯುವುದಿಲ್ಲ. ‘ಹಾಪ್ಸ್ ಹಾಕಿದ್ದೀವಲ್ಲ, ಕೆಡಲ್ಲ ಬಿಡು’ ಅಂತ ಹೊರಗೇ ಇಟ್ಟುಬಿಡಬೇಡಿ.

ನೀರು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು.

ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ನೆಲದ ಅಡಿಯಲ್ಲಿ ಸುಣ್ಣಕಲ್ಲು. ಮನೆಗೆ ಹಾಸುವ ಶಹಾಬಾದಿ ಫರಸಿಯೂ ಅದೇ, ಮಳಖೇಡ, ಸೇಡಂ ಸಿಮೆಂಟ್ ಕಾರ್ಖಾನೆಗಳು ಅಲ್ಲಿ ನಿಂತಿರುವುದೂ ಅದಕ್ಕೇ. ಆ ಕಲ್ಲಿನ ಸಂದಿಯಲ್ಲಿ ಹರಿದು ಬಂದ ಬೋರ್ ನೀರು ಗಡಸು. ಗೀಸರ್ ರಾಡಿಗೆ, ಚಹಾ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದೆ ಅಲ್ವಾ? ಅದು ಬೈಕಾರ್ಬೊನೇಟ್ ಗಡಸು. ಹಾಪ್ಸ್‌ಗೆ ಇದು ಆಗಿಬರುವುದಿಲ್ಲ. ಇಂಥ ನೀರಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 7ರ ಮೇಲೆ ಇರುತ್ತದೆ, ಹುಳಿ ಹಾಕಿದರೂ ಸುಲಭಕ್ಕೆ ಇಳಿಯುವುದಿಲ್ಲ. ಆ ಪಿಎಚ್‌ನಲ್ಲಿ ಹಾಪ್ಸ್ ನೆನೆಸಿದರೆ ಎಲೆಯ ಒಗರೆಲ್ಲ ಇಳಿದು, ಕಹಿ ನಾಲಿಗೆಯ ಹಿಂದೆ ಹಿಡಿದುಕೊಂಡು ಬಿಡುತ್ತದೆ.

ಹಾಗಂತ ಗಡಸು ನೀರೆಲ್ಲ ಕೆಟ್ಟದ್ದೂ ಅಲ್ಲ. ಇಂಗ್ಲೆಂಡಿನ ಬರ್ಟನ್ ಊರಿನ ನೀರು ಬಲು ಗಡಸು, ಆದರೂ ಹಾಪ್ಸ್ ಜಾಸ್ತಿ ಇರುವ ಪೇಲ್ ಏಲ್‌ಗೆ ಜಗತ್ತಿಗೇ ಹೆಸರಾಯಿತು. ಅಲ್ಲಿನ ಗಡಸು ಹೆಚ್ಚಾಗಿ ಜಿಪ್ಸಂನಿಂದ ಬಂದದ್ದು. ಜಿಪ್ಸಂ ಹಾಪ್ಸ್ ಕಹಿಯನ್ನು ಚುರುಕಾಗಿಸುತ್ತದೆ, ಒರಟು ಮಾಡುವುದಿಲ್ಲ. ಅಲ್ಲಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ, ಅಷ್ಟೇ.

ದಾರಿ ಎರಡಿವೆ. ಮನೆಯಲ್ಲಿ ಆರ್‌ಒ ಇದ್ದರೆ ಅಥವಾ ಕ್ಯಾನ್ ನೀರು ತರಿಸುತ್ತಿದ್ದರೆ ಅದನ್ನೇ ಬಳಸಿ. ಒಮ್ಮೆ ಕುದಿಸಿ ಆರಿಸಿದರೆ ಇನ್ನೂ ಒಳ್ಳೆಯದು. ಕುದಿಸಿದಾಗ ಕ್ರಿಮಿಯೂ ಸಾಯುತ್ತದೆ, ನೀರಿನಲ್ಲಿ ಕರಗಿದ ಗಾಳಿಯೂ ಹೊರಗೆ ಹೋಗುತ್ತದೆ. ಹಾಪ್ಸ್ ಎಣ್ಣೆಗೆ ಗಾಳಿಯ ಆಮ್ಲಜನಕವೇ ದೊಡ್ಡ ಶತ್ರು.

ನಳದ ನೀರೋ ಬೋರ್ ನೀರೋ ಮಾತ್ರ ಇದ್ದರೆ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತಳದಲ್ಲಿ ಬಿಳಿ ಗಸಿ ಕೂತಿರುತ್ತದೆ. ಅಲುಗಾಡಿಸದೆ ಮೇಲಿನ ತಿಳಿ ನೀರನ್ನಷ್ಟೇ ಬಗ್ಗಿಸಿಕೊಳ್ಳಿ. ಬೈಕಾರ್ಬೊನೇಟ್ ತುಂಬಾ ಮಟ್ಟಿಗೆ ಹೋಗಿರುತ್ತದೆ, ನಳದ ನೀರಿನ ಕ್ಲೋರಿನ್ ಕೂಡ. ಕ್ಲೋರಿನ್ ಉಳಿದರೆ ಕೊನೆಗೆ ಆಸ್ಪತ್ರೆಯ ವರಾಂಡದ ವಾಸನೆ ಬರುತ್ತದೆ. ಕುದಿಸಿದರೂ ನೀರು ಸವಳು ಅನ್ನಿಸಿದರೆ ಆ ನೀರು ಬಿಡಿ. ಉಪ್ಪು ಕುದಿತದಿಂದ ಹೋಗುವುದಿಲ್ಲ.

ಬೀದರದವರ ನೆಲ ಬೇರೆ. ಅಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲು. ಯಾದಗಿರಿಯಲ್ಲಿ ಊರಿಂದ ಊರಿಗೆ ನೀರು ಬದಲಾಗುತ್ತದೆ. ಚಹಾ ಪಾತ್ರೆಯ ತಳ ನೋಡಿದರೆ ನಿಮ್ಮ ನೀರು ಎಂಥದು ಅಂತ ಗೊತ್ತಾಗುತ್ತದೆ.

ಹಾಪ್ಸ್ ತರಿಸುವುದು, ಇಡುವುದು

ನಮ್ಮ ಕಿರಾಣಿ ಅಂಗಡಿಯಲ್ಲಿ ಹಾಪ್ಸ್ ಸಿಗುವುದಿಲ್ಲ. ಆನ್‌ಲೈನ್‌ನಲ್ಲಿ ಸಣ್ಣ ಪ್ಯಾಕೆಟ್ ಸಿಗುತ್ತದೆ. ಒಣಗಿಸಿ ಪುಡಿ ಮಾಡಿ ಒತ್ತಿದ ಹಸಿರು ಗುಳಿಗೆಗಳು, ಪೆಲೆಟ್ ಅನ್ನುತ್ತಾರೆ. ಇಡೀ ಹೂವಿಗಿಂತ ಇವೇ ನಮಗೆ ವಾಸಿ. ಜಾಗ ಕಡಿಮೆ, ಕೆಡುವುದೂ ನಿಧಾನ.

ಏಪ್ರಿಲ್, ಮೇನಲ್ಲಿ ತರಿಸಬೇಡಿ. ಕಲಬುರಗಿಯಲ್ಲಿ ಆಗ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಕೊರಿಯರ್ ಗೋಡೌನಿನ ತಗಡಿನ ಚಾವಣಿ ಕೆಳಗೆ ಪ್ಯಾಕೆಟ್ ಎರಡು ದಿನ ಕೂತರೆ ಮುಗಿಯಿತು. ಬೇಸಿಗೆಗೆ ಬೇಕಾದದ್ದನ್ನು ಡಿಸೆಂಬರ್, ಜನವರಿಯಲ್ಲೇ ತರಿಸಿ ಫ್ರೀಜರ್‌ನಲ್ಲಿ ಇಟ್ಟುಕೊಳ್ಳಿ. ತಪ್ಪಿದರೆ ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನ ಎಸಿ ಬೋಗಿಯಲ್ಲಿ ಬರುವ ನೆಂಟರ ಕೈಯಲ್ಲಿ ಕಳಿಸಲು ಹೇಳಿ.

ಪ್ಯಾಕೆಟ್ ತೆರೆದ ಕೂಡಲೇ ಮೂಸಿ. ಹುಲ್ಲು, ಹೂವು, ಹಣ್ಣು, ಕಿತ್ತಳೆ ಸಿಪ್ಪೆ, ಇಂಥ ವಾಸನೆ ಬರಬೇಕು. ಬಣ್ಣ ಹಸಿರಿರಬೇಕು. ಕಂದಾಗಿದ್ದರೆ, ಹಳೇ ಚೀಸ್ ಅಥವಾ ಬೆವರಿದ ಕಾಲುಚೀಲದ ವಾಸನೆ ಬಂದರೆ ಆಲ್ಫಾ ಆಮ್ಲ ಗಾಳಿಗೆ ಕೆಟ್ಟಿದೆ ಅಂತ ಅರ್ಥ. ಅದನ್ನು ಉಳಿಸುವ ಉಪಾಯ ಯಾವುದೂ ಇಲ್ಲ. ಒಳ್ಳೆಯದಿದ್ದರೆ ಬೇಕಾದಷ್ಟು ತೂಗಿ, ಉಳಿದದ್ದರ ಗಾಳಿ ಒತ್ತಿ ತೆಗೆದು, ಕ್ಲಿಪ್ ಹಾಕಿ, ಇನ್ನೊಂದು ಚೀಲದೊಳಗೆ ಇಟ್ಟು ಫ್ರೀಜರ್‌ಗೆ ಸೇರಿಸಿ. ಎರಡು ಚೀಲ ಯಾಕೆ ಅಂದರೆ, ನಮ್ಮ ಫ್ರಿಜ್‌ಗಳಲ್ಲಿ ಬಳ್ಳೊಳ್ಳಿ ಮಸಾಲೆಯ ವಾಸನೆ ಎಲ್ಲದಕ್ಕೂ ಅಂಟುತ್ತದೆ.

ಜಾತಿ ಆರಿಸುವಾಗ ಗೊಂದಲ ಬೇಡ. ಕ್ಯಾಸ್ಕೇಡ್ ಅಮೆರಿಕದಲ್ಲಿ 1972ರಲ್ಲಿ ಬಂದದ್ದು, ಚಕ್ಕೋತ ಮತ್ತು ಹೂವಿನ ವಾಸನೆ, ಮೊದಲ ಸಲಕ್ಕೆ ಇದೇ ಸಾಕು. ಸಿಟ್ರಾ ಮಾವು, ಲಿಂಬೆ ಕಡೆಗೆ ಎಳೆಯುತ್ತದೆ, ನಮ್ಮ ಮನೆಮಂದಿಗೆ ಬೇಗ ಹಿಡಿಸುವುದು ಇದು. ಚೆಕ್ ನಾಡಿನ ಸಾಜ್ ಮೆತ್ತಗಿನ ಸೊಪ್ಪಿನ ವಾಸನೆಯದು, ಸೋಡಾದಲ್ಲಿ ಕಳೆದುಹೋಗುತ್ತದೆ ಅಂತ ನನ್ನ ಅಭಿಪ್ರಾಯ.

ಮಾಡುವ ಕ್ರಮ

ಬೇಕಾದದ್ದು: 1 ಲೀಟರ್ ತಯಾರು ಮಾಡಿದ ನೀರು, 3 ಗ್ರಾಂ ಹಾಪ್ಸ್ ಗುಳಿಗೆ, ಲಿಂಬೆಹಣ್ಣು, ಆಮೇಲೆ ಬೆರೆಸಲು 1 ಲೀಟರ್ ತಣ್ಣನೆ ಸೋಡಾ. ಬಂಗಾರದ ಅಂಗಡಿಯ ಹಾಗೆ ಗ್ರಾಂ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಇರಲಿ. ಚಮಚದ ಲೆಕ್ಕ ಹಾಪ್ಸ್‌ಗೆ ನಡೆಯುವುದಿಲ್ಲ. ಒಂದು ಗಾಜಿನ ಬಾಟಲಿ ಅಥವಾ ಸ್ಟೀಲ್ ಪಾತ್ರೆ ಬೇಕು, ನೀರು ತುಂಬಿದರೆ ಬಾಯಿವರೆಗೂ ಬರುವಷ್ಟು ದೊಡ್ಡದು. ಉಪ್ಪಿನಕಾಯಿ ಬರಣಿ ಬೇಡ, ಎಷ್ಟು ತೊಳೆದರೂ ಹಿಂಗು ಬಿಡುವುದಿಲ್ಲ.

ಪಾತ್ರೆ, ಮುಚ್ಚಳ, ಸೋಸುವ ಬಟ್ಟೆ ಎಲ್ಲವನ್ನೂ ಸೋಪಿನಿಂದ ತೊಳೆದು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಿರಿ. ಗಾಜಾದರೆ ಮೊದಲು ಬೆಚ್ಚಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಸೀಳುತ್ತದೆ.

ನೀರಿಗೆ ಒಂದು ಟೀ ಚಮಚ ಸೋಸಿದ ಲಿಂಬೆರಸ ಹಾಕಿ. ಆರ್‌ಒ ನೀರಿಗೆ ಇಷ್ಟು ಸಾಕು. ಪಿಎಚ್ ಪಟ್ಟಿ ಇದ್ದರೆ ಅದ್ದಿ ನೋಡಿ, 4ರ ಆಸುಪಾಸು ಅಥವಾ ಅದಕ್ಕಿಂತ ಕೆಳಗೆ ಬರಬೇಕು. ಗಡಸು ನೀರಾದರೆ ಜಾಸ್ತಿ ಹಿಡಿಯುತ್ತದೆ, ಆಗ ಕಿರಾಣಿ ಅಂಗಡಿಯ ಸಿಟ್ರಿಕ್ ಆಸಿಡ್ ಚಿಟಿಕೆ ಚಿಟಿಕೆಯಾಗಿ ಹಾಕುತ್ತ ಅಳೆಯುವುದು ಒಳ್ಳೆಯದು. ಈ ಹುಳಿಯಿಂದ ಎರಡು ಲಾಭ. ಹಾಪ್ಸ್‌ನ ಒಗರು ಕಡಿಮೆ ಇಳಿಯುತ್ತದೆ, ಮತ್ತೆ ಹುಳಿ ನೀರಿನಲ್ಲಿ ಕೆಟ್ಟ ಕ್ರಿಮಿಗಳು ಸುಲಭಕ್ಕೆ ಬೆಳೆಯುವುದಿಲ್ಲ. ಈ ಹಂತ ಬಿಡಬೇಡಿ.

ಈಗ ಆ ಹುಳಿ ನೀರಿನಲ್ಲಿ ಒಂದು ಸಣ್ಣ ಲೋಟದಷ್ಟು ತೆಗೆದು 75 ಡಿಗ್ರಿವರೆಗೆ ಬಿಸಿ ಮಾಡಿ. ಥರ್ಮಾಮೀಟರ್ ಇಲ್ಲದಿದ್ದರೆ, ತಳದಲ್ಲಿ ಸಣ್ಣ ಗುಳ್ಳೆ ಅಂಟಿ ಹಬೆ ಏಳತೊಡಗಿದಾಗ ಇಳಿಸಿ. ಕುದಿಯಲು ಬಿಡಬೇಡಿ. ಹಾಪ್ಸ್ ಗುಳಿಗೆಗಳ ಮೇಲೆ ಸುರಿದು ಐದು ನಿಮಿಷ ಮುಚ್ಚಿಡಿ. ಗುಳಿಗೆ ಬಿಚ್ಚಿಕೊಂಡು ಹಸಿರು ರಾಡಿಯಾಗುತ್ತದೆ. ಪಕ್ಕಾ ಡ್ರೈ ಹಾಪಿಂಗ್ ಮಾಡುವವರು ಇದಕ್ಕೆ ಮೂಗು ಮುರಿಯಬಹುದು. ಆದರೆ ಬಿಯರ್‌ನಲ್ಲಿ ಇರುವ ಆಲ್ಕೋಹಾಲ್ ಎಣ್ಣೆಯನ್ನು ಎಳೆದುಕೊಳ್ಳುತ್ತದೆ, ಬರೀ ನೀರಿಗೆ ಆ ಶಕ್ತಿ ಇಲ್ಲ. ಸುಮ್ನೆ ತಣ್ಣೀರಿಗೆ ಹಾಕಿದರೆ ಗುಳಿಗೆಗಳು ಗಂಟಾಗಿ ತೇಲುತ್ತ ಕೂರುತ್ತವೆ.

ಉಳಿದ ನೀರು ಅಷ್ಟರಲ್ಲಿ ಫ್ರಿಜ್‌ನಲ್ಲಿ ತಣ್ಣಗಾಗಿರಲಿ. ಅದನ್ನು ನಿಧಾನಕ್ಕೆ, ಮೇಲಿಂದ ಸುರಿಯದೆ, ಪಾತ್ರೆಯ ಗೋಡೆಗೆ ಇಳಿಸುತ್ತ ತುಂಬಿ. ಚಹಾ ಎತ್ತಿ ಸುರಿಯುವ ಕೈ ಇಲ್ಲಿ ಬೇಡ, ಅಷ್ಟೂ ಗಾಳಿ ಒಳಗೆ ಹೋಗುತ್ತದೆ. ಬಾಯಿವರೆಗೂ ತುಂಬಿ ಬಿಗಿಯಾಗಿ ಮುಚ್ಚಿ, ಫ್ರಿಜ್‌ಗೆ ಇಡಿ.

ಗಡಿಗೆಯ ತಂಪು ಸಾಕಾಗುವುದಿಲ್ಲವೇ ಅಂತ ಕೇಳುವವರಿರುತ್ತಾರೆ. ನಮ್ಮ ಒಣ ಹವೆಯಲ್ಲಿ ಗಡಿಗೆ ನೀರು ಚೆನ್ನಾಗಿ ತಂಪಾಗುತ್ತದೆ, ನಿಜ. ಆದರೆ ಅದು ಕುಡಿಯುವ ತಂಪು. ಹಾಪ್ಸ್ ನೆನೆಸಲು 4, 5 ಡಿಗ್ರಿ ಬೇಕು. ಬೆಚ್ಚಗಿದ್ದಷ್ಟೂ ಹಸಿ ಹುಲ್ಲಿನ ರುಚಿ ಬೇಗ ಇಳಿಯುತ್ತದೆ. ಕರೆಂಟು ಹೋಗಿ ಫ್ರಿಜ್ ನಿಂತರೆ ಬಾಗಿಲು ತೆರೆಯದೆ ಬಿಡಿ. ನಾಲ್ಕು ತಾಸಿಗಿಂತ ಜಾಸ್ತಿ ಕರೆಂಟು ಬರದಿದ್ದರೆ, ಒಳಗೆ ಬೆಚ್ಚಗಾಗಿದ್ದರೆ, ಆ ನೀರು ಚೆಲ್ಲಿ ಹೊಸದಾಗಿ ಮಾಡಿ.

ಆರೆಂಟು ತಾಸಿಗೊಮ್ಮೆ ಪಾತ್ರೆಯನ್ನು ಮೆಲ್ಲಗೆ ತಿರುಗಿಸಿ, ತಳದ ಗಸಿ ಒಮ್ಮೆ ಮೇಲೆದ್ದು ಕೂರಲಿ. ಕುಲುಕಬೇಡಿ. 12 ತಾಸಾದ ಮೇಲೆ ಒಂದು ಚಮಚ ತೆಗೆದು ರುಚಿ ನೋಡಿ, ಆಮೇಲೆ 18ಕ್ಕೆ, 24ಕ್ಕೆ. ವಾಸನೆಯ ಬಹುಪಾಲು ಮೊದಲ ದಿನವೇ ಇಳಿದುಬಿಡುತ್ತದೆ. ಇನ್ನೂ ಇಟ್ಟರೆ ಇನ್ನೂ ಘಮಘಮ ಅಂದುಕೊಳ್ಳುವುದು ತಪ್ಪು. ಆಮೇಲೆ ಇಳಿಯುವುದು ಎಲೆಯ ಒಗರು ಮಾತ್ರ.

ಸೋಸುವಾಗ ಮೊದಲು ಚಹಾ ಜಾಲರಿ, ಆಮೇಲೆ ತೆಳು ಹತ್ತಿ ಬಟ್ಟೆ ಅಥವಾ ಕಾಫಿ ಸೋಸುವ ಕಾಗದ. ಬಟ್ಟೆಯನ್ನು ಹಿಂಡಬಾರದು. ನಮ್ಮ ಕೈಗೆ ಹಿಂಡದೆ ಬಿಟ್ಟು ಗೊತ್ತಿಲ್ಲ, ಹುಣಸೆ ಆಗಲಿ ತೆಂಗಿನ ಹಾಲಾಗಲಿ ಕೊನೆಯ ಹನಿ ತನಕ ಹಿಂಡುತ್ತೇವೆ. ಹಾಪ್ಸ್ ಅನ್ನು ಹಿಂಡಿದರೆ ಕೊನೆಯ ಎರಡು ಚಮಚ ಒಗರು ನೀರು ಇಡೀ ಬಾಟಲಿಯನ್ನು ಕೆಡಿಸುತ್ತದೆ. ತಾನಾಗಿ ಇಳಿದಷ್ಟು ಇಳಿಯಲಿ. ಫ್ರೆಂಚ್ ಪ್ರೆಸ್ ಇರುವವರು ಅದರಲ್ಲೇ ಸೋಸಬಹುದು, ಆದರೆ ಒತ್ತುವ ಕೈ ಹಗುರ ಇರಲಿ.

ಕುಡಿಯುವಾಗ ಲೋಟಕ್ಕೆ ಮೊದಲು ಹಾಪ್ಸ್ ನೀರು ಹಾಕಿ, ಮೇಲೆ ಅಷ್ಟೇ ಸೋಡಾ ನಿಧಾನಕ್ಕೆ. ಹಾಪ್ಸ್ ಪುಡಿಯನ್ನು ನೇರವಾಗಿ ಸೋಡಾ ಬಾಟಲಿಗೆ ಹಾಕುವ ಪ್ರಯೋಗ ಮಾಡಬೇಡಿ. ಪ್ರತಿ ಕಣದ ಸುತ್ತ ಗುಳ್ಳೆ ಎದ್ದು ಸೋಡಾ ಚಾವಣಿಗೆ ಚಿಮ್ಮುತ್ತದೆ. ಸೋಡಾ ಕೊಳ್ಳುವಾಗ ಲೇಬಲ್ ಓದಿ. ಸೋಡಿಯಂ ಬೈಕಾರ್ಬೊನೇಟ್ ಸೇರಿಸಿದ್ದು ಬೇಡ, ನೀರಿನಿಂದ ಕಷ್ಟಪಟ್ಟು ತೆಗೆದದ್ದನ್ನೇ ದುಡ್ಡು ಕೊಟ್ಟು ವಾಪಸ್ ಹಾಕಿದ ಹಾಗಾಗುತ್ತದೆ. ಗೋಲಿ ಸೋಡಾ ಪಾಡಾಗಿ ಹೊಂದುತ್ತದೆ, ಬರೀ ಸೋಡಾ ಮಾತ್ರ, ಬಣ್ಣದ್ದಲ್ಲ.

ಸಕ್ಕರೆ, ಬೆಲ್ಲ ಬೇಕೆನಿಸಿದರೆ ಲೋಟಕ್ಕೆ ಹಾಕಿಕೊಳ್ಳಿ. ಬಾಟಲಿಗೆ ಹಾಕಿ ಮುಚ್ಚಿಡಬೇಡಿ. ಗಾಳಿಯಲ್ಲಿ, ಹಣ್ಣಿನ ಸಿಪ್ಪೆಯಲ್ಲಿ ಯೀಸ್ಟ್ ಇದ್ದೇ ಇರುತ್ತದೆ. ಸಿಹಿ ಸಿಕ್ಕರೆ ಅದು ಹುದುಗತೊಡಗುತ್ತದೆ, ಬಾಟಲಿ ಒಡೆಯಬಹುದು. ಸೋಸಿದ ನೀರನ್ನು ಫ್ರಿಜ್‌ನಲ್ಲೇ ಇಟ್ಟು ಮೂರು ದಿನದೊಳಗೆ ಮುಗಿಸಿ. ಬಸುರಿಯರು, ಚಿಕ್ಕ ಮಕ್ಕಳು, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಇದರಿಂದ ದೂರ ಇರಲಿ. ಹಾಪ್ಸ್‌ಗೆ ತುಸು ಮಂಪರು ತರುವ ಗುಣ ಇದೆ.

ಇನ್ನೊಂದು ಮುಖ್ಯ ವಿಷಯ. ಹಾಪ್ಸ್ ನಾಯಿಗಳಿಗೆ ವಿಷ. ತಿಂದರೆ ಮೈ ಬಿಸಿ ವಿಪರೀತ ಏರಿ ಸಾಯಬಹುದು. ಸೋಸಿದ ಗಸಿಯನ್ನು ಓಣಿಯ ಕಸದ ಗುಡ್ಡೆಗೆ ಎಸೆಯಬೇಡಿ. ಗಂಟು ಕಟ್ಟಿ ಮುಚ್ಚಿದ ಡಬ್ಬಿಗೆ ಹಾಕಿ, ಅಥವಾ ನಾಯಿ ಕೆದರದಷ್ಟು ಆಳಕ್ಕೆ ಹೂಳಿ.

ಹೊರದೇಶದಲ್ಲಿ ಬಿಯರ್ ಮಾಡುವವರಿಗೆ

ಡಲ್ಲಾಸ್‌ನಲ್ಲೋ ಲಂಡನ್‌ನಲ್ಲೋ ಇರುವ ನಮ್ಮ ಹುಡುಗರಿಗೆ ಇದು. ಅಮೆರಿಕದಲ್ಲಿ 1978ರ ಕಾನೂನಿನಿಂದ ಮನೆ ಬಿಯರ್‌ಗೆ ಕೇಂದ್ರದ ಒಪ್ಪಿಗೆ ಬಂತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿ, ಮಾರುವ ಹಾಗಿಲ್ಲ.

ಹುದುಗು ಮುಗಿಯುತ್ತ ಬಂದಾಗ ಹಾಪ್ಸ್ ಹಾಕಿ. ಸಾದಾ ಪೇಲ್ ಏಲ್‌ಗೆ ಲೀಟರಿಗೆ 2ರಿಂದ 4 ಗ್ರಾಂ, ಮಬ್ಬು ಐಪಿಎಗೆ (ಇಂಡಿಯಾ ಪೇಲ್ ಏಲ್, ಹಾಪ್ಸ್ ಜಾಸ್ತಿ ಇರುವ ಬಿಯರ್) 8ರ ಮೇಲೂ ಹೋಗುತ್ತಾರೆ. 14ರಿಂದ 18 ಡಿಗ್ರಿಯಲ್ಲಿ ಎರಡು ಮೂರು ದಿನ ಸಾಕು. ಹುದುಗು ಜೋರಾಗಿರುವಾಗಲೇ ಹಾಕಿದರೆ ಯೀಸ್ಟ್ ಜೆರಾನಿಯಾಲ್ ಅನ್ನು ಸಿಟ್ರೊನೆಲ್ಲೋಲ್ ಆಗಿ ಬದಲಿಸುತ್ತದೆ, ವಾಸನೆ ಲಿಂಬೆ ಕಡೆ ತಿರುಗುತ್ತದೆ. ಆದರೆ ಮೇಲೇಳುವ ಅನಿಲದ ಜೊತೆ ಸ್ವಲ್ಪ ವಾಸನೆ ಹೊರಗೂ ಹೋಗುತ್ತದೆ.

ಹಾಪ್ಸ್ ಹಾಕಿದ ಮೇಲೆ ಬಾಟಲಿ ತುಂಬಲು ಅವಸರ ಮಾಡಬೇಡಿ. ಹಾಪ್ಸ್‌ನಲ್ಲಿ ಪಿಷ್ಟ ಒಡೆಯುವ ಕಿಣ್ವಗಳು ಸ್ವಲ್ಪ ಇರುತ್ತವೆ. ಇಂಗ್ಲೆಂಡಿನ ವಿಜ್ಞಾನಿಗಳಾದ ಬ್ರೌನ್ ಮತ್ತು ಮಾರಿಸ್ 1893ರಲ್ಲೇ ಇದನ್ನು ಬರೆದಿಟ್ಟಿದ್ದರು. ಯೀಸ್ಟ್ ತಿನ್ನಲಾಗದೆ ಬಿಟ್ಟ ಡೆಕ್ಸ್‌ಟ್ರಿನ್ (ಪಿಷ್ಟದ ತುಣುಕು) ಅನ್ನು ಈ ಕಿಣ್ವಗಳು ಸಕ್ಕರೆಯಾಗಿ ಒಡೆಯುತ್ತವೆ, ಹುದುಗು ಮತ್ತೆ ಶುರುವಾಗುತ್ತದೆ. ಆಗ ಬಾಟಲಿಯೊಳಗೆ ಒತ್ತಡ ಏರುತ್ತದೆ, ಬೆಣ್ಣೆಯಂಥ ವಾಸನೆಯೂ ಬರಬಹುದು. ಬಿಯರ್‌ನಲ್ಲಿ ಉಳಿದ ಸಕ್ಕರೆಯ ಅಂದಾಜು ಕೊಡುವ ಹೈಡ್ರೋಮೀಟರ್‌ನ ಅಂಕಿ ಎರಡು ಮೂರು ದಿನ ಒಂದೇ ಕಡೆ ನಿಂತ ಮೇಲೆಯೇ ತುಂಬಿ.

ರುಚಿ ತಪ್ಪಿದರೆ

ನೀರು ಕಹಿ, ಒರಟು ಅನ್ನಿಸಿದರೆ ಮೊದಲು ಹಾಪ್ಸ್ ಕಡಿಮೆ ಮಾಡಬೇಡಿ. ಪಿಎಚ್ ನೋಡಿ, ಆಮೇಲೆ ನೆನೆಸಿದ ಹೊತ್ತು ನೋಡಿ. ವಾಸನೆ ಇದೆ, ರುಚಿ ಸಪ್ಪೆ ಅಂದರೆ ಇನ್ನು ನಾಲ್ಕು ಹನಿ ಲಿಂಬೆರಸ ಬೇಕು. ವಾಸನೆಯೇ ಇಲ್ಲ ಅಂದರೆ ಪ್ಯಾಕೆಟ್ ಹಳೇದು, ಅಥವಾ ಪಾತ್ರೆಯಲ್ಲಿ ಗಾಳಿ ಜಾಸ್ತಿ ಉಳಿದಿತ್ತು. ಬಣ್ಣ ತಿಳಿಹಸಿರಿನಿಂದ ಕಂದು ಕಡೆ ತಿರುಗಿದ್ದರೂ ಕಾರಣ ಗಾಳಿಯೇ. ತಿಳಿ ಆಗದೆ ಮಬ್ಬಾಗಿ ಉಳಿದರೆ ಚಿಂತೆ ಇಲ್ಲ, ಇನ್ನೊಂದು ರಾತ್ರಿ ಫ್ರಿಜ್‌ನಲ್ಲಿ ಕೂರಿಸಿ ಮೇಲಿನದನ್ನು ಬಗ್ಗಿಸಿಕೊಳ್ಳಿ.

ಖಾರದ ಶೇಂಗಾ ಹಿಂಡಿ, ಮಿರ್ಚಿ ಭಜಿ ಜೊತೆ ಕುಡಿದರೆ ಕಹಿ ಇಮ್ಮಡಿ ಅನ್ನಿಸುತ್ತದೆ. ಮಿರ್ಚಿ ಬಿಡಲಾಗದವರು ಮುಂದಿನ ಸಲ 3 ಗ್ರಾಂ ಬದಲು 2 ಗ್ರಾಂ ಹಾಕಲಿ.